ಸಾಕ್ಷಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ

2024ರ ಏಪ್ರಿಲ್ 26ಕ್ಕೆ ಹಾಸನದಲ್ಲಿ ಲೋಕಸಭೆಯ ಮತದಾನ. ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಬಸ್ ನಿಲ್ದಾಣ, ಪಾರ್ಕುಗಳಲ್ಲಿ ಬಿದ್ದು ಸಿಕ್ಕವೆಂದು ಪತ್ರಿಕೆಗಳು ಬರೆದವು. ಅವುಗಳಲ್ಲಿದ್ದದ್ದು ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳು. ಆರೋಪ ಯಾರ ಮೇಲೆ ಬಂತು ಎಂಬುದು ಕನ್ನಡ ಓದುವ ಎಲ್ಲರಿಗೂ ಗೊತ್ತು, ಇಲ್ಲಿ ಹೆಸರು ಬೇಡ. ಆಮೇಲೆ ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂತು. ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ತಪ್ಪು ಬಯಲಾಯಿತು, ನಿಜ. ಆದರೆ ಅದಕ್ಕಿಂತ ಮೊದಲೇ ಅನ್ಯಾಯಕ್ಕೊಳಗಾದ ಹೆಂಗಸರ ಮುಖಗಳು ಬಯಲಾಗಿದ್ದವು. ಅವನ್ನು ಮಸುಕು ಮಾಡುವ ವ್ಯವಧಾನವೂ ಹಂಚಿದವರಿಗೆ ಇರಲಿಲ್ಲ. ಮನೆಗೆ ಬೀಗ ಹಾಕಿ ಊರು ಬಿಟ್ಟವರಲ್ಲಿ ಆ ಹೆಂಗಸರ ಕುಟುಂಬಗಳೂ ಇದ್ದವು.

ಆ ವಿಡಿಯೊ ಹಂಚುವುದೂ ಅಪರಾಧ ಎಂದು ಎಸ್‌ಐಟಿ ಎಚ್ಚರಿಸಬೇಕಾಯಿತು. ಐಟಿ ಕಾಯ್ದೆಯ 67ಎ ಕಲಮಿನ ಪ್ರಕಾರ ಲೈಂಗಿಕ ಕೃತ್ಯದ ದೃಶ್ಯವನ್ನು ರವಾನಿಸಿದವರಿಗೆ, ಮೊದಲ ಸಲವೇ ಆದರೂ, 5 ವರ್ಷದವರೆಗೆ ಜೈಲು ಮತ್ತು 10 ಲಕ್ಷ ರೂಪಾಯಿವರೆಗೆ ದಂಡ. ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಬೇರೆ ಶಿಕ್ಷೆ ಇದೆ. ಆಗ ಅದು ಐಪಿಸಿಯ 228ಎ, ಈಗ ಭಾರತೀಯ ನ್ಯಾಯ ಸಂಹಿತೆಯ 72. ಆದರೂ ಫಾರ್ವರ್ಡ್ ಮಾಡಿದವರಲ್ಲಿ ಎಷ್ಟೋ ಜನ ತಾವು ಸತ್ಯದ ಪರ ನಿಂತಿದ್ದೇವೆ ಎಂದೇ ನಂಬಿದ್ದರು.

ತಪ್ಪನ್ನು ಬಯಲಿಗೆಳೆಯುವುದು ಯಾವಾಗ ಕರ್ತವ್ಯ, ಯಾವಾಗ ಅದೇ ಇನ್ನೊಂದು ತಪ್ಪು? ಈ ಪ್ರಶ್ನೆಯನ್ನು ಕ್ರೈಸ್ತ ನೀತಿಶಾಸ್ತ್ರ ಬಹಳ ಹಿಂದಿನಿಂದ ಕೆದಕುತ್ತ ಬಂದಿದೆ. ದೇವರ ತೀರ್ಪಿನ ಬಗ್ಗೆ ಅದು ಹೇಳುವುದಕ್ಕೂ ಈ ಪ್ರಶ್ನೆಗೂ ನೇರ ನಂಟಿದೆ. ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯ ಹುಟ್ಟಿದ್ದು 1963ರಲ್ಲಿ. ಇವತ್ತು ಅದರ ವ್ಯಾಪ್ತಿಯಲ್ಲಿರುವುದು ಚಿಕ್ಕಮಗಳೂರು, ಹಾಸನ ಎರಡೇ ಜಿಲ್ಲೆ. ಇಲ್ಲಿನ ಧರ್ಮಕೇಂದ್ರಗಳಲ್ಲಿ (ಕಥೋಲಿಕ ಚರ್ಚುಗಳಲ್ಲಿ), ಪ್ರಾಟೆಸ್ಟೆಂಟರ ಸಿಎಸ್‌ಐ ಸಭೆಗಳಲ್ಲಿ, ಸಣ್ಣ ಪ್ರಾರ್ಥನಾ ಮಂದಿರಗಳಲ್ಲಿ ಅನ್ಯಾಯದ ಮಾತು ಎದ್ದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: "ಬಿಡಿ, ದೇವರು ನೋಡ್ಕೋತಾನೆ." ಪಕ್ಕದ ಮನೆಯ ಹಿಂದೂಗಳೂ "ಮಾಡಿದ್ದುಣ್ಣೋ ಮಾರಾಯ" ಎಂದು ಇದನ್ನೇ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನೋಡಬೇಕು. ಪೆಟ್ಟು ತಿಂದವನು ತನ್ನ ಸಮಾಧಾನಕ್ಕೆ ಹೇಳಿಕೊಂಡರೆ ಅದು ನಂಬಿಕೆ. ಹೊಡೆದವನ ಕಡೆಯವರು ಪೆಟ್ಟು ತಿಂದವನಿಗೆ ಹೇಳಿದರೆ ಬಾಯಿ ಮುಚ್ಚಿಸುವ ಉಪಾಯ.

ತೀರ್ಪು ದೇವರದ್ದು ಎಂದು ಬೈಬಲ್ ಹೇಳುವುದು ನಿಸ್ಸಂದೇಹ. ಸೇಡು ತೀರಿಸುವುದು ನನ್ನ ಕೆಲಸ ಎಂದು ದೇವರು ಹೇಳಿದ್ದಾನೆಂದು ಯೇಸುವಿನ ಪ್ರೇಷಿತ ಪೌಲ ರೋಮಾಪುರದವರಿಗೆ ಬರೆಯುತ್ತಾನೆ (12:19). ಆ ಮಾತಿನ ಮೂಲ ಧರ್ಮೋಪದೇಶಕಾಂಡದ 32ನೇ ಅಧ್ಯಾಯದಲ್ಲಿದೆ. ಇಲ್ಲಿ ನಮ್ಮ ಕೈಯಿಂದ ತೆಗೆದುಕೊಂಡಿರುವುದು ಸೇಡನ್ನು, ಸಾಕ್ಷಿ ಹೇಳುವ ಕೆಲಸವನ್ನಲ್ಲ. ಅದನ್ನು ಅದೇ ಧರ್ಮಶಾಸ್ತ್ರ ನಮ್ಮ ಮೇಲೆಯೇ ಹೊರಿಸುತ್ತದೆ: ಕಣ್ಣಾರೆ ಕಂಡವನು ಕೇಳಿದಾಗ ತಿಳಿಸದಿದ್ದರೆ ಆ ಅಪರಾಧದ ಹೊಣೆ ಅವನ ತಲೆಗೂ ಬರುತ್ತದೆ (ಯಾಜಕಕಾಂಡ 5:1). ಚಾಡಿ ಹೇಳುತ್ತ ತಿರುಗಬೇಡ ಎಂದ ವಚನದಲ್ಲೇ ನೆರೆಯವನ ಪ್ರಾಣಕ್ಕೆ ಕುತ್ತು ಬಂದಾಗ ಸುಮ್ಮನೆ ನಿಲ್ಲಬೇಡ ಎಂದಿದೆ, ಮುಂದಿನ ವಚನದಲ್ಲಿ ತಪ್ಪು ಮಾಡಿದವನನ್ನು ಮುಖಕ್ಕೆ ಮುಖ ಕೊಟ್ಟು ಗದರಿಸು ಎಂದಿದೆ (19:16-17). ಚಾಡಿಯೂ ಪಾಪ, ಮೌನವೂ ಪಾಪ. ಎರಡರ ನಡುವಿನ ದಾರಿ ಕಿರಿದು.

ಈಗ ತೀರ್ಪಿನ ವಿಚಾರ. ಕಥೋಲಿಕ ಬೋಧನೆಯಲ್ಲಿ ಎರಡು ತೀರ್ಪು. ಸತ್ತ ಕೂಡಲೇ ಪ್ರತಿಯೊಬ್ಬರಿಗೂ ಅವರವರ ತೀರ್ಪು, ಲೋಕದ ಕೊನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಇನ್ನೊಂದು. ಮೊದಲನೆಯದರಲ್ಲೇ ಎಲ್ಲ ಇತ್ಯರ್ಥವಾದರೆ ಎರಡನೆಯದು ಯಾಕೆ? 13ನೇ ಶತಮಾನದ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದಕ್ಕೆ ಕೊಟ್ಟ ಉತ್ತರ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಮನುಷ್ಯ ಸತ್ತರೂ ಅವನು ಮಾಡಿದ್ದು ಸಾಯುವುದಿಲ್ಲ. ಜನರ ನೆನಪಿನಲ್ಲಿ ಉಳಿಯುತ್ತಾನೆ, ಕೆಲವೊಮ್ಮೆ ಸುಳ್ಳು ಹೆಸರಿನಲ್ಲಿ. ಮಕ್ಕಳಲ್ಲಿ ಉಳಿಯುತ್ತಾನೆ. ಅವನ ಕೃತ್ಯದ ಪರಿಣಾಮ ತಲೆಮಾರುಗಟ್ಟಲೆ ಹರಿಯುತ್ತದೆ. ಹಾಗಾಗಿ ಲೆಕ್ಕ ಪೂರ್ತಿಯಾಗಿ, ಎಲ್ಲರ ಎದುರು ತೀರುವುದು ಎಲ್ಲ ಪರಿಣಾಮಗಳೂ ಮುಗಿದ ಮೇಲೆಯೇ. ಮುಚ್ಚಿಟ್ಟದ್ದು ಯಾವುದೂ ತಿಳಿಯದೆ ಹೋಗದು, ಕೋಣೆಯಲ್ಲಿ ಪಿಸುಗುಟ್ಟಿದ್ದು ಮಾಳಿಗೆಯ ಮೇಲಿಂದ ಕೂಗಿ ಹೇಳಲ್ಪಡುತ್ತದೆ ಎಂದು ಲೂಕನ ಸುವಾರ್ತೆಯ 12ನೇ ಅಧ್ಯಾಯ ಹೇಳುವುದೂ ಇದನ್ನೇ. ಅಂದರೆ ಪೂರ್ತಿ ಬಯಲು ಮಾಡುವುದು ದೇವರ ಕೆಲಸದಲ್ಲೇ ಸೇರಿದೆ. ಮನುಷ್ಯ ಬಯಲಿಗೆಳೆಯುವುದು ಯಾವತ್ತೂ ಅರ್ಧಂಬರ್ಧ, ಏಕೆಂದರೆ ಅವನಿಗೆ ಕಾಣುವುದೇ ಅಷ್ಟು. ಇಷ್ಟನ್ನು ಒಪ್ಪಿಕೊಂಡವನಿಗೆ ಒಬ್ಬನ ಇಡೀ ಬಾಳನ್ನೇ ಬೀದಿಗೆ ಸುರಿಯುವ ಆತುರ ಇರಬೇಕಾಗಿಲ್ಲ.

ಕಥೋಲಿಕರು ನಂಬುವ ಸಾವಿನ ನಂತರದ ಶುದ್ಧೀಕರಣವನ್ನು ಪ್ರಾಟೆಸ್ಟೆಂಟ್ ಸಭೆಗಳು ಒಪ್ಪುವುದಿಲ್ಲ. ರಕ್ಷಣೆ ನಂಬಿಕೆಯಿಂದಲೇ ಎನ್ನುತ್ತವೆ. ಪೆಂತೆಕೋಸ್ತ್ ಬೋಧಕರಲ್ಲಿ ಅನೇಕರು ಎರಡು ನ್ಯಾಯಾಸನಗಳ ಲೆಕ್ಕ ಹೇಳುತ್ತಾರೆ: ವಿಶ್ವಾಸಿಗಳಿಗೆ ಕ್ರಿಸ್ತನ ನ್ಯಾಯಾಸನ (2 ಕೊರಿಂಥ 5:10), ಉಳಿದವರಿಗೆ ಪ್ರಕಟನೆ 20ನೇ ಅಧ್ಯಾಯದ ಬಿಳೀ ಮಹಾಸಿಂಹಾಸನ. ನರಕ ನಿತ್ಯವೋ ಅಲ್ಲವೋ ಎಂಬ ಜಗಳ ಬೇರೆಯೇ ಇದೆ, ಅದನ್ನು ಇಲ್ಲಿ ಬಿಡೋಣ. ಈ ಎಲ್ಲ ಪಂಥಗಳೂ ಒಪ್ಪುವ ಎರಡು ಮಾತು ನಮಗೆ ಬೇಕು. ತೀರ್ಪು ಮೊದಲು ಶುರುವಾಗುವುದು ದೇವರ ಮನೆಯಲ್ಲಿ (1 ಪೇತ್ರ 4:17). ಬೋಧಿಸುವವರಿಗೆ ತೀರ್ಪು ಹೆಚ್ಚು ಕಠಿಣ (ಯಾಕೋಬ 3:1). "ಸ್ವಾಮಿಗಳ ಮೇಲೆ ಮಾತಾಡಿದರೆ ಶಾಪ ತಟ್ಟುತ್ತೆ" ಎಂದು ಹೆದರಿಸುವವರು ಈ ಎರಡು ವಚನಗಳನ್ನು ಓದುವುದೇ ಇಲ್ಲವೇನೋ.

ಇನ್ನೊಂದು ಕೆಟ್ಟ ಚಾಳಿ ಅನಾಹುತವನ್ನೇ ತೀರ್ಪು ಎಂದು ಓದುವುದು. ಆರೋಪಿಗೆ ಲಕ್ವ ಹೊಡೆದರೆ, ಚಾರ್ಮಾಡಿ ಘಾಟಿಯಲ್ಲಿ ಅವನ ಗಾಡಿ ಉರುಳಿದರೆ "ನೋಡಿ, ದೇವರು ಇದ್ದಾನೆ" ಎನ್ನುತ್ತಾರೆ. ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಎಣಿಸಬೇಡಿ ಎಂದು ಯೇಸು ಸ್ಪಷ್ಟವಾಗಿ ಹೇಳಿದ್ದಾನೆ (ಲೂಕ 13). ಈ ಚಾಳಿಯಿಂದ ಆಗುವ ನಷ್ಟ ದೊಡ್ಡದು. ಗಾಡಿ ಉರುಳಿದ್ದೇ ಶಿಕ್ಷೆ ಎಂದು ಜನ ಸಮಾಧಾನಪಟ್ಟುಕೊಳ್ಳುತ್ತಾರೆ, ದೂರು ಅಲ್ಲಿಗೇ ನಿಲ್ಲುತ್ತದೆ, ಕಳೆದುಕೊಂಡವರಿಗೆ ಕಳೆದದ್ದು ಸಿಗುವುದಿಲ್ಲ. ಗಾಡಿ ಉರುಳದಿದ್ದರೆ ಅವನು ನಿರಪರಾಧಿ ಎಂಬ ತರ್ಕವೂ ಹಿಂದೆಯೇ ಬರುತ್ತದೆ.

ಹಾಗಾದರೆ ಹೇಗೆ ಹೇಳಬೇಕು, ಯಾರಿಗೆ? ಎಲ್ಲರೂ ತೆರೆಯುವುದು ಮತ್ತಾಯ 18:15-17. ನಿನಗೆ ತಪ್ಪು ಮಾಡಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಅಲ್ಲಿಗೂ ಬಗ್ಗದಿದ್ದರೆ ಅವನು ನಿನಗೆ ಹೊರಗಿನವನು. ಬಹಳ ಜಾಣ ಕ್ರಮ ಇದು. ತಪ್ಪು ತಿಳುವಳಿಕೆ ಇದ್ದರೆ ಮೊದಲ ಹೆಜ್ಜೆಯಲ್ಲೇ ಸರಿಹೋಗುತ್ತದೆ, ಮಾನ ಉಳಿಯುತ್ತದೆ. ಎರಡನೇ ಹೆಜ್ಜೆಯಲ್ಲಿ ಹೋಗುವವರು ಪಂಚಾಯಿತಿ ಮಾಡಲಿಕ್ಕಷ್ಟೇ ಅಲ್ಲ, ಆಡಿದ ಮಾತಿಗೆ ಸಾಕ್ಷಿಗಳಾಗಲು.

ಈ ಕ್ರಮ ಕೈಕೊಡುವುದು ಅದನ್ನು ಸಲ್ಲದ ಕಡೆ ಹಚ್ಚಿದಾಗ. ಇಬ್ಬರು ಹೆಚ್ಚುಕಡಿಮೆ ಸಮಾನರ ನಡುವಿನ, ಮುಗಿದುಹೋದ ತಪ್ಪಿಗೆ ಇದು ಸರಿ. ಹನ್ನೆರಡು ವರ್ಷದ ಹುಡುಗಿಗೆ ತನ್ನನ್ನು ಮುಟ್ಟಿದ ಬೋಧಕನ ಬಳಿ ಮೊದಲು ಒಬ್ಬಳೇ ಹೋಗಿ ಮಾತಾಡು ಎಂದು ಈ ವಚನ ತೋರಿಸಿ ಹೇಳುವುದು ಕ್ರೌರ್ಯ. ಅಕ್ವಿನಾಸ್ ಇದನ್ನು ಆಗಲೇ ಬಿಡಿಸಿಟ್ಟಿದ್ದಾನೆ: ಎಲ್ಲರೆದುರು ಮಾಡಿದ ತಪ್ಪಿಗೆ ಎಲ್ಲರೆದುರೇ ಖಂಡನೆ. ಗುಟ್ಟಿನ ತಪ್ಪು ಇತರರಿಗೆ ಅಪಾಯ ತರುವಂಥದ್ದಾದರೆ, ಉದಾಹರಣೆಗೆ ಶತ್ರುವಿಗೆ ಊರು ಒಪ್ಪಿಸುವ ಸಂಚು, ಒಳಗೊಳಗೆ ಬುದ್ಧಿ ಹೇಳಿದರೆ ಅದು ಖಂಡಿತ ನಿಲ್ಲುತ್ತದೆ ಎಂಬ ಗಟ್ಟಿ ನಂಬಿಕೆ ಇಲ್ಲದಿದ್ದರೆ ನೇರ ಹೋಗಿ ತಿಳಿಸಬೇಕು. ಗುಟ್ಟಿನ ತಪ್ಪು, ತಪ್ಪಿತಸ್ಥನಿಗೆ ಮತ್ತು ನಿನಗೆ ಮಾತ್ರ ಸಂಬಂಧಿಸಿದ್ದಾದರೆ ಆಗ ಮತ್ತಾಯ 18. ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದ್ದೂ (ಗಲಾತ್ಯ 2) ಪೇತ್ರನ ನಡವಳಿಕೆ ಎಲ್ಲರೆದುರೇ ಇದ್ದದ್ದರಿಂದ. 1529ರಲ್ಲಿ ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ಬರೆದ ಪ್ರಶ್ನೋತ್ತರಮಾಲೆಯ ವಿವರಣೆಯಲ್ಲೂ ಇದೇ ನಿಲುವಿದೆ: ಒಬ್ಬನ ಪಾಪ ನನಗೆ ಗೊತ್ತಾಯಿತು ಎಂದ ಮಾತ್ರಕ್ಕೆ ತೀರ್ಪು ಕೊಡುವ ಅಧಿಕಾರ ಬರುವುದಿಲ್ಲ, ಆದರೆ ಬಹಿರಂಗ ಪಾಪಕ್ಕೆ ಬಹಿರಂಗ ಖಂಡನೆ ತಪ್ಪಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಆಯ್ಕೆಯನ್ನೇ ಉಳಿಸಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ. ತಿಳಿಸದಿದ್ದರೆ 6 ತಿಂಗಳವರೆಗೆ ಸಜೆ. ಶಾಲೆ, ಹಾಸ್ಟೆಲ್ಲಿನಂಥ ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ. ಇಲ್ಲಿ ನಡೆಯುವ ಎಡವಟ್ಟು ಹೆಚ್ಚಾಗಿ "ಮೊದಲು ನಾವೇ ವಿಚಾರಿಸೋಣ" ಎನ್ನುವುದರಿಂದ ಶುರು. ಹೆಡ್‌ಮಿಸ್ಟ್ರೆಸ್ ಕೇಳುತ್ತಾರೆ, ಆಮೇಲೆ ಮ್ಯಾನೇಜರ್ ಫಾದರ್, ಆಮೇಲೆ ಕಮಿಟಿ. ನಾಲ್ಕನೇ ಸಲ ಹೇಳುವಷ್ಟರಲ್ಲಿ ಮಗುವಿನ ಮಾತು ಬದಲಾಗಿರುತ್ತದೆ, ಕೋರ್ಟಿನಲ್ಲಿ ಅದೇ ಬದಲಾವಣೆ ಹಿಡಿದು ವಕೀಲರು ಜಗ್ಗುತ್ತಾರೆ. ಅಷ್ಟರಲ್ಲಿ ಆರೋಪಿ ಫೋನ್ ಅಳಿಸಿ ಆಗಿರುತ್ತದೆ. ಮಗು ತಾನಾಗಿ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ, ತಾರೀಕು, ಹೊತ್ತು ಹಾಕಿ, ಮತ್ತೆ ಪ್ರಶ್ನೆ ಕೇಳಬೇಡಿ, 112ಕ್ಕೋ 1098ಕ್ಕೋ ಫೋನ್ ಮಾಡಿ. ಬಟ್ಟೆ ಒಗೆಯಬಾರದು. ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ಕಿನಲ್ಲಿ ಇಟ್ಟರೆ ತೇವಕ್ಕೆ ಬೂಸ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಘಟನೆ ನಡೆದದ್ದು ಸಕಲೇಶಪುರದಲ್ಲಾದರೂ ಮೂಡಿಗೆರೆ ಠಾಣೆಯಲ್ಲಿ ಝೀರೊ ಎಫ್‌ಐಆರ್ ಆಗುತ್ತದೆ. ನಮ್ಮ ವ್ಯಾಪ್ತಿ ಅಲ್ಲ ಎಂದು ಕಳಿಸುವ ಹಾಗಿಲ್ಲ.

ಕಥೋಲಿಕ ಸಭೆಯೊಳಗಿನ ಕಾನೂನೂ ಈಗ ಇದೇ ಕಡೆ ಬಂದಿದೆ. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಶಾಸನ, ಗುರುಗಳು (ಪಾದ್ರಿಗಳು) ಮತ್ತು ಸನ್ಯಾಸಿನಿಯರು ಇಂಥ ದೌರ್ಜನ್ಯದ ಸುಳಿವು ಸಿಕ್ಕರೆ ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ವರದಿ ಮಾಡುವುದನ್ನು ಕಡ್ಡಾಯ ಮಾಡಿತು. ದೂರು ಕೊಟ್ಟವರಿಗೆ ಬಾಯಿ ಮುಚ್ಚಿಕೊಂಡಿರಿ ಎನ್ನುವಂತಿಲ್ಲ ಎಂದೂ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಈ ಪ್ರಕರಣಗಳ ಮೇಲಿದ್ದ ವ್ಯಾಟಿಕನ್ನಿನ ಪೊಂಟಿಫಿಕಲ್ ಗೌಪ್ಯತೆಯನ್ನು ತೆಗೆದುಹಾಕಲಾಯಿತು. ಉಳಿದದ್ದು ಪಾಪನಿವೇದನೆಯ ಮುದ್ರೆ. ಸಭೆಯ ಕಾನೂನಿನ ಕ್ಯಾನನ್ (ಕಲಮು) 983ರ ಪ್ರಕಾರ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಪೋಕ್ಸೊದ 19ನೇ ಕಲಮಿನಲ್ಲಿ ಅದಕ್ಕೆ ವಿನಾಯಿತಿಯೇನೂ ಬರೆದಿಲ್ಲ. ಈ ಎರಡರ ತಿಕ್ಕಾಟಕ್ಕೆ ಸಲೀಸಾದ ಉತ್ತರ ಇಲ್ಲ. 2019ರಲ್ಲೇ ವ್ಯಾಟಿಕನ್ನಿನ ಪ್ರಾಯಶ್ಚಿತ್ತ ನ್ಯಾಯಪೀಠ ಹೊರಡಿಸಿದ ಟಿಪ್ಪಣಿಯ ಪ್ರಕಾರ, ಪೊಲೀಸರಿಗೆ ಶರಣಾಗು ಎಂಬುದನ್ನು ಕ್ಷಮೆಗೆ ಷರತ್ತಾಗಿ ಹಾಕುವಂತಿಲ್ಲ, ಆದರೆ ದೌರ್ಜನ್ಯಕ್ಕೊಳಗಾದವರೇ ಪಾಪನಿವೇದನೆಯಲ್ಲಿ ಹೇಳಿಕೊಂಡರೆ ದೂರು ಕೊಡುವ ದಾರಿಗಳನ್ನು ಗುರು ತಿಳಿಸಿಕೊಡಬೇಕು. ಹೊರಗೆ, ಚಹಾ ಕುಡಿಯುತ್ತ ಹೇಳಿದ್ದಕ್ಕೆ ಈ ಮುದ್ರೆ ಅನ್ವಯವಾಗುವುದಿಲ್ಲ. "ನನಗೆ ಗುಟ್ಟಾಗಿ ಹೇಳಿದ್ದು" ಎಂಬ ನೆಪವನ್ನು ಪಾಪನಿವೇದನೆಯ ಮಟ್ಟಕ್ಕೆ ಏರಿಸುವವರು ಇದನ್ನು ತಿಳಿದಿರಬೇಕು.

ಸತ್ಯವಾದರೆ ಸಾಕು, ಹೇಳಬಹುದು ಎಂದು ಬಹುತೇಕರು ತಿಳಿದಿದ್ದಾರೆ. ಕಥೋಲಿಕ ಸಭೆಯ ಅಧಿಕೃತ ಬೋಧನಾಗ್ರಂಥ ಇದನ್ನು ಒಪ್ಪುವುದಿಲ್ಲ. ಅದು (ಕಂಡಿಕೆ 2477) ಮೂರು ತಪ್ಪುಗಳನ್ನು ಬೇರ್ಪಡಿಸುತ್ತದೆ: ಆಧಾರವಿಲ್ಲದೆ ಒಬ್ಬನ ತಪ್ಪನ್ನು ಮನಸ್ಸಿನಲ್ಲೇ ನಿಜವೆಂದು ಒಪ್ಪುವುದು, ಸುಳ್ಳು ಹೊರಿಸುವುದು, ಮತ್ತು ನಿಜವಾದ ದೋಷವನ್ನೇ ಸರಿಯಾದ ಕಾರಣವಿಲ್ಲದೆ ಗೊತ್ತಿಲ್ಲದವರಿಗೆ ಹೇಳುವುದು. ಕುತೂಹಲದ ಸಂಗತಿಯೆಂದರೆ ನಮ್ಮ ಕ್ರಿಮಿನಲ್ ಕಾನೂನೂ ಹಾಗೇ ಇದೆ. ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿಗೆ ಮೊದಲ ವಿನಾಯಿತಿ ಸತ್ಯ ಅಷ್ಟೇ ಅಲ್ಲ, ಸಾರ್ವಜನಿಕ ಹಿತಕ್ಕೆ ಬೇಕಾದ ಸತ್ಯ. ಅದೇ ಮಾತನ್ನು ಕೇಳುವ ಅಧಿಕಾರ ಇರುವವರ ಬಳಿ ಸದ್ಭಾವನೆಯಿಂದ ದೂರಾಗಿ ಕೊಟ್ಟರೆ ಬೇರೆ ವಿನಾಯಿತಿ ಇದೆ. ಮಾತು ಅದೇ, ಕೇಳುವ ಕಿವಿ ಬೇರೆ. ಧರ್ಮಕೇಂದ್ರದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಮಾನಹಾನಿ ಆಗಬಹುದಾದದ್ದು ಧರ್ಮಾಧ್ಯಕ್ಷರಿಗೆ ಅಥವಾ ಡಿಸಿಗೆ ಬರೆದ ಪತ್ರದಲ್ಲಿದ್ದರೆ ದೂರು. ಸಭೆಯ ಕಾನೂನಿನಲ್ಲೂ ಕ್ಯಾನನ್ 212 ಸಭೆಯ ಹಿತದ ವಿಷಯದಲ್ಲಿ ಗುರುಗಳಿಗೆ ಅಭಿಪ್ರಾಯ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. ಕ್ಯಾನನ್ 220 ಯಾರ ಹೆಸರನ್ನೂ ಅನ್ಯಾಯವಾಗಿ ಕೆಡಿಸಬಾರದು ಎನ್ನುತ್ತದೆ. ಹಬ್ಬದ ಚಂದಾ, ಶಾಲೆಯ ಡೊನೇಶನ್ ಲೆಕ್ಕ ಕೇಳುವವರಿಗೆ ಕ್ಯಾನನ್ 1287 ಉಪಯೋಗಕ್ಕೆ ಬರುತ್ತದೆ: ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು (ಕ್ಯಾನನ್ 537). ಲೆಕ್ಕ ಕೇಳುವುದು ಆರೋಪವಲ್ಲ. ಲೆಕ್ಕ ಕೇಳಿ ಸಿಗದಿದ್ದರೆ ಆಗ ಆರೋಪದ ಮಾತು.

ಇನ್ನು ಆಧಾರ. ಒಂದು ಉದಾಹರಣೆ ಹಿಡಿದು ನೋಡಿದರೆ ಸುಲಭ. ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವವರಿಗೆ ಕೂಲಿ ಕೆ.ಜಿ. ಲೆಕ್ಕದಲ್ಲಿ. ಸಂಜೆ ಕಣದ ಹತ್ತಿರ ರೈಟ್ರು (ತೋಟದ ಗುಮಾಸ್ತರು) ತೂಕ ಹಾಕುತ್ತಾರೆ. ತೂಕದಲ್ಲಿ ಮೋಸ ಆಗುತ್ತಿದೆ ಎಂದು ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಗುಸುಗುಸು. (ಕಳ್ಳತೂಕದ ಕಲ್ಲುಗಳ ಬಗ್ಗೆ ಧರ್ಮೋಪದೇಶಕಾಂಡ 25, ಜ್ಞಾನೋಕ್ತಿ 11 ಎರಡೂ ಸಿಟ್ಟಿನಿಂದ ಮಾತಾಡುತ್ತವೆ, ಹೊಸ ಪಾಪವೇನಲ್ಲ.) ಮೋಸ ಇದೆಯೋ, ಮಿಶಿನ್ ಕೆಟ್ಟಿದೆಯೋ ಮೊದಲು ತಿಳಿಯಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಸೀಲು ಬೀಳಬೇಕು, ಸೀಲಿನ ತಾರೀಕು ನೋಡಿ. ಸೀಲು ಇರುವ 20 ಕೆ.ಜಿ. ಬಟ್ಟು ಇಟ್ಟು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಡುವಿಗೂ ನಾಲ್ಕು ಮೂಲೆಗೂ ಇಟ್ಟು ಓದಬೇಕು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಂದರೆ ಬ್ಯಾಟರಿ ಇಳಿದಿರಬಹುದು, ಇಲ್ಲವೆ ನೆಲ ಸಮ ಇಲ್ಲ. ಸದಾ ಕಡಿಮೆಯೇ ಬಂದರೆ, ಅದೂ ಒಬ್ಬರ ಸರದಿಯಲ್ಲಿ ಮಾತ್ರ ಆದರೆ, ಅನುಮಾನಕ್ಕೆ ಕಾಲು ಬಂತು. ಚೀಲದ ತೂಕ ಎಂದು ಎಷ್ಟು ಕಳೆಯುತ್ತಾರೆ ನೋಡಿ. ಒಣ ಗೋಣಿಚೀಲಕ್ಕೆ ಮುಕ್ಕಾಲು, ಒಂದು ಕೆ.ಜಿ. ಕಳೆದರೆ ಒಪ್ಪಬಹುದು, ನೆನೆದರೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ ಚೀಲ ನೂರು ಗ್ರಾಂ ಆಸುಪಾಸು, ಅದಕ್ಕೂ ಒಂದು ಕೆ.ಜಿ. ಕಳೆದರೆ ಅಲ್ಲೇ ಕಳ್ಳತನ.

ಬರೆಯುವಾಗ ಮೂರು ಕಾಲಂ ಮಾಡಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. "ಜನವರಿ 12, ಸಂಜೆ 5:20, ಚೀಲ ನಂ. 4, ಮಿಶಿನ್ 41.5, ಪುಸ್ತಕದಲ್ಲಿ 37" ಇದು ಕಂಡದ್ದು. "ಹೋದ ವರ್ಷವೂ ಹೀಗೇ ಮಾಡಿದ್ದರಂತೆ" ಕೇಳಿದ್ದು. "ಮೇಸ್ತ್ರಿಗೂ ಪಾಲು ಇರಬೇಕು" ಊಹೆ. ದೂರಿಗೆ ಹೋಗಬೇಕಾದ್ದು ಮೊದಲ ಕಾಲಂ ಮಾತ್ರ. ಎರಡನೆಯದಕ್ಕೆ ಹೇಳಿದವರ ಒಪ್ಪಿಗೆ, ಸಹಿ ಬೇಕು. ಮೂರನೆಯದನ್ನು ಮನೆಯಲ್ಲೇ ಬಿಟ್ಟು ಬನ್ನಿ. ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಈ ಮೂರನೇ ಕಾಲಮಿನಿಂದ: ಹತ್ತರಲ್ಲಿ ಒಂದು ಊಹೆ ಸುಳ್ಳೆಂದು ತೋರಿಸಿದರೆ ಸಾಕು, ಎದುರಿನವನು ಉಳಿದ ಒಂಬತ್ತನ್ನೂ ಅದರ ಜೊತೆಗೇ ಕೊಡವಿ ಹಾಕುತ್ತಾನೆ. ಎರಡು ಮೂರು ಸಾಕ್ಷಿ ಬೇಕೆಂಬ ಹಳೇ ನಿಯಮವನ್ನು (ಧರ್ಮೋಪದೇಶಕಾಂಡ 19:15) ಪೌಲ ಹಿರಿಯರ ಮೇಲಿನ ದೂರಿಗೂ ಅನ್ವಯಿಸುತ್ತಾನೆ (1 ತಿಮೊಥೆ 5:19). ಆದರೆ ಬಾಗಿಲು ಹಾಕಿಕೊಂಡು ಮಾಡುವ ತಪ್ಪಿಗೆ ಎರಡನೇ ಕಣ್ಣು ಎಲ್ಲಿಂದ ಬರಬೇಕು? ಬ್ಯಾಂಕ್ ಸ್ಟೇಟ್‌ಮೆಂಟು, ವೈದ್ಯಕೀಯ ವರದಿ, ಆ ಹೊತ್ತಿನ ಫೋನ್ ಕರೆಯ ದಾಖಲೆಗಳನ್ನೂ ಸಾಕ್ಷಿಯಾಗಿ ಎಣಿಸದಿದ್ದರೆ ಆ ನಿಯಮ ಕಳ್ಳನಿಗೇ ಬೇಲಿಯಾಗುತ್ತದೆ. ಅದೇ ಅಧ್ಯಾಯದಲ್ಲಿ ಸುಳ್ಳುಸಾಕ್ಷಿಗೆ ಅವನು ಇನ್ನೊಬ್ಬನಿಗೆ ಬಯಸಿದ ಶಿಕ್ಷೆಯನ್ನೇ ಕೊಡಿ ಎಂದೂ ಇದೆ.

ಫೋನಿನಲ್ಲಿ ತೆಗೆದ ಫೋಟೊ, ವಿಡಿಯೊ ಇದ್ದರೆ ಮೂಲ ಫೈಲು ಅದೇ ಫೋನಿನಲ್ಲಿ ಹಾಗೇ ಇರಲಿ. ಕತ್ತರಿಸಬೇಡಿ, ಬಾಣದ ಗುರುತು ಹಾಕಬೇಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು ಜಾಗದ ವಿವರ ಕಳಚಿಹೋಗುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಫೈಲು ಚೂರು ಬದಲಾದರೂ ಆ ಸಂಖ್ಯೆ ಬೇರೆಯೇ ಬರುತ್ತದೆ. ಹಾಸನದಲ್ಲಿ ಕೈಯಿಂದ ಕೈಗೆ ಹೋದ ಪೆನ್‌ಡ್ರೈವಿನಂಥ ನಕಲಿನ ನಕಲಿನಿಂದ ಮೊದಲು ಹಾಳಾಗುವುದು ಹೆಂಗಸರ ಮಾನ, ಆಮೇಲೆ ಸಾಕ್ಷ್ಯದ ತೂಕ. ಶಿಕ್ಷೆಯಾದ ಪ್ರಕರಣದಲ್ಲಿ ಸಂತ್ರಸ್ತೆ ಕೋರ್ಟಿನಲ್ಲಿ ನುಡಿದ ಸಾಕ್ಷ್ಯವೂ ವಿಧಿವಿಜ್ಞಾನದ ವರದಿಗಳೂ ಮುಖ್ಯವಾಗಿದ್ದವು.

ಹೆಸರು ಹಾಕಬೇಕೋ ಬೇಡವೋ? ನಮ್ಮ ಕಡೆ ಮೂಗರ್ಜಿಗೆ ಬರವಿಲ್ಲ. ಅದನ್ನು ಹೇಡಿತನ ಎಂದು ಬೈಯುವುದು ಸುಲಭ, ಆದರೆ ಕಾರಣ ಇದೆ. ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಭ್ರಷ್ಟಾಚಾರದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಹೆಸರಿನ ಸಮೇತ ಪತ್ರ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ನಮ್ಮ ಕೆಜಿಎಫ್ ಮೂಲದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಪೆಟ್ರೋಲ್ ಬಂಕಿನ ವಿರುದ್ಧ ಕ್ರಮ ಕೈಗೊಂಡಿದ್ದಕ್ಕೆ 2005ರಲ್ಲಿ ಗುಂಡಿಗೆ ಬಲಿಯಾದರು. ಇಂಥವರ ರಕ್ಷಣೆಗೆ 2014ರಲ್ಲಿ ಕಾಯ್ದೆ ಆಯಿತು, ಜಾರಿಯ ಅಧಿಸೂಚನೆ ಮಾತ್ರ ಹೊರಬೀಳಲಿಲ್ಲ.

ಆದರೂ ಮೂಗರ್ಜಿ ಕೆಲಸ ಕೆಡಿಸುತ್ತದೆ. ಎರಡನೇ ಪ್ರಶ್ನೆ ಕೇಳಲು ಯಾರೂ ಸಿಗುವುದಿಲ್ಲ, ಕಚೇರಿ ಫೈಲ್ ಮುಚ್ಚುತ್ತದೆ. ಬರೆದವರಾರು ಎಂಬ ಹುಡುಕಾಟದಲ್ಲಿ ಏನೂ ಅರಿಯದ ಮೂರನೆಯವನ ಮೇಲೆ ಗುಮಾನಿ ಬೀಳುತ್ತದೆ. ನಡುವಿನ ದಾರಿ ಇದೆ. ಕೇಂದ್ರ ಸರ್ಕಾರದ ಅಧೀನ ಕಚೇರಿಯ ಮೇಲಿನ ದೂರಾದರೆ, ಅಂದರೆ ರಾಷ್ಟ್ರೀಕೃತ ಬ್ಯಾಂಕಿನಂಥದ್ದು, ಕೇಂದ್ರ ವಿಚಕ್ಷಣಾ ಆಯೋಗಕ್ಕೆ 2004ರ ನಿರ್ಣಯದ ಪ್ರಕಾರ ಅಂಟಿಸಿದ ಲಕೋಟೆಯಲ್ಲಿ ಕಳಿಸಬಹುದು. ಲಕೋಟೆಯ ಮೇಲೆ ಅದು ಸಾರ್ವಜನಿಕ ಹಿತಾಸಕ್ತಿಯ ಮಾಹಿತಿ ನಿರ್ಣಯದ ಅಡಿಯ ದೂರು ಎಂದು ಬರೆಯಬೇಕು, ಕಳಿಸಿದವರ ಹೆಸರು ಬರೆಯಬಾರದು. ಹೆಸರು, ವಿಳಾಸ ಒಳಗಿನ ಪತ್ರದಲ್ಲಿ. ನೀವೇ ಬರೆದದ್ದೇ ಎಂದು ಆಯೋಗ ಕೇಳಿ ಪತ್ರ ಹಾಕುತ್ತದೆ, ಅದಕ್ಕೆ ಉತ್ತರಿಸದೆ ಎಷ್ಟೋ ದೂರುಗಳು ಅಲ್ಲೇ ಸಾಯುತ್ತವೆ. ರಾಜ್ಯ ಸರ್ಕಾರದ ನೌಕರರ ಮೇಲಾದರೆ ಲೋಕಾಯುಕ್ತ: ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್. ಲಂಚವನ್ನು ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ಕೊಟ್ಟ ತಪ್ಪಿನಿಂದ ಪಾರು. ಎಂಟನೇ ದಿನಕ್ಕೆ ಅವರೂ ಆರೋಪಿಯೇ. ಖಾಸಗಿ ತೋಟದ ತೂಕದ ಮೋಸ ಇವೆರಡಕ್ಕೂ ಬರುವುದಿಲ್ಲ. ಅದು ಕಾನೂನು ಮಾಪನ ಇಲಾಖೆಗೆ, ಕಾರ್ಮಿಕ ಅಧಿಕಾರಿಗೆ. ಅದಕ್ಕೂ ಮೊದಲು ಸಾಹುಕಾರರಿಗೆ, ಮೋಸದ ಲಾಭ ಅವರಿಗೇ ಹೋಗುತ್ತಿಲ್ಲವಾದರೆ. ಲೈನು ಮನೆಯಲ್ಲಿರುವವರು ಒಬ್ಬೊಬ್ಬರಾಗಿ ರೈಟರ ಮುಂದೆ ಹೋಗಿ ನಿಲ್ಲುವುದು ಬೇಡ, ಮರುದಿನ ಮನೆ ಖಾಲಿ ಮಾಡಿಸಿಬಿಡುತ್ತಾರೆ.

ರಾಜ ದಾವೀದ ಬತ್ಷೆಬೆಯನ್ನು ತೆಗೆದುಕೊಂಡು ಅವಳ ಗಂಡ ಊರೀಯನನ್ನು ಕೊಲ್ಲಿಸಿದಾಗ ನಾತಾನ ಪ್ರವಾದಿ ಬೀದಿಯಲ್ಲಿ ಕೂಗಲಿಲ್ಲ. ಅರಮನೆಗೆ ಹೋಗಿ ಬಡವನ ಒಂದೇ ಕುರಿಮರಿಯ ಕತೆ ಹೇಳಿದ. ರೇಗಿದ ರಾಜ ಕುರಿ ಕಸಿದವನು ಸಾಯಬೇಕು ಎಂದ, ಜೊತೆಗೆ ನಾಲ್ಕರಷ್ಟು ಕೊಡಬೇಕು ಎಂದ (2 ಸಮುವೇಲ 12). ತೀರ್ಪು ಬಂದದ್ದು ತಪ್ಪಿತಸ್ಥನ ಬಾಯಿಂದಲೇ, ಅದೂ ವಾಪಸು ಕೊಡುವ ಲೆಕ್ಕದ ಸಮೇತ. ನಮ್ಮ ಬಯಲಿಗೆಳೆಯುವ ಕಾರ್ಯಕ್ರಮಗಳಲ್ಲಿ ಮರೆತುಹೋಗುವುದು ಈ ಲೆಕ್ಕವೇ. ಅವಮಾನವಾಯಿತು, ವರ್ಗಾವಣೆಯಾಯಿತು, ಪೇಪರಿನಲ್ಲಿ ಬಂತು, ಮುಗಿಯಿತು. ಕಳೆದುಕೊಂಡವನ ಕೈಗೆ ಏನು ಬಂತು?

ತೋಟದ ಉದಾಹರಣೆಯಲ್ಲೇ ಹಾಕಿ ನೋಡಿ. 25 ಜನ, ದಿನಕ್ಕೆ ತಲಾ 1 ಕೆ.ಜಿ. ಕಳವು, 60 ದಿನದ ಕೊಯ್ಲು: 1,500 ಕೆ.ಜಿ. ಕೂಲಿ ಕೆ.ಜಿ.ಗೆ 5 ರೂಪಾಯಿ ಎಂದಿಟ್ಟುಕೊಂಡರೆ 7,500. ಯಾಜಕಕಾಂಡ 6ರ ಪ್ರಕಾರ ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು, 9,000. ಸುಂಕದವನಾದ ಜಕ್ಕಾಯ ಯೇಸುವಿನ ಮುಂದೆ ಒಪ್ಪಿಕೊಂಡ ನಾಲ್ಕರಷ್ಟಾದರೆ 30,000. ಕ್ಷಮಿಸಿಬಿಡಿ ಎಂದು ಕೂಲಿಯವರಿಗೆ ಹೇಳುವ ಮೊದಲು ಈ ಮೊತ್ತಗಳಲ್ಲಿ ಒಂದಾದರೂ ಮೇಜಿನ ಮೇಲೆ ಬರಬೇಕು, ಮತ್ತು ಅದು ಹೋಗಬೇಕಾದ್ದು ಚರ್ಚಿನ ಕಾಣಿಕೆ ಡಬ್ಬಿಗಲ್ಲ, ಆ 25 ಜನಕ್ಕೆ. ಯಾರಿಗೆ ಸೇರಬೇಕೆಂದು ಹುಡುಕಿಯೂ ಸಿಗದಿದ್ದರೆ ಮಾತ್ರ ಬಡವರಿಗೆ ಕೊಡಬಹುದು ಎನ್ನುತ್ತಾನೆ ಅಕ್ವಿನಾಸ್, ಹುಡುಕಿದ ಮೇಲೆ. ತೊಡಕು ಇಲ್ಲೇ: ಕೊಯ್ಲಿಗೆ ಅಸ್ಸಾಂ, ಜಾರ್ಖಂಡಿನಿಂದ ಬಂದವರು ಮಾರ್ಚ್ ಹೊತ್ತಿಗೆ ಊರಿಗೆ ಹೊರಟಿರುತ್ತಾರೆ, ಚೆಕ್‌ರೋಲಿನಲ್ಲಿ (ಹಾಜರಿ ಪುಸ್ತಕದಲ್ಲಿ) ಕೆಲವರದ್ದು ಬರೀ ಅಡ್ಡಹೆಸರು. ಆದ್ದರಿಂದ ತೂಕ ಬರೆದಿಡುವ ಪುಸ್ತಕದಲ್ಲೇ, ಮೊದಲ ದಿನವೇ, ಪ್ರತಿಯೊಬ್ಬರ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಫೋನ್ ನಂಬರ್, ಕೂಲಿ ಬೀಳುವ ಬ್ಯಾಂಕ್ ಖಾತೆ ಬರೆದುಕೊಳ್ಳಬೇಕು. ಪುಸ್ತಕದ ಒಂದು ನಕಲು ತೋಟದ ಹೊರಗಿನ ಯಾರ ಕೈಯಲ್ಲಾದರೂ ಇರಲಿ.